ಮುಚ್ಚಳಕ್ಕೆ ಮೊದಲು ಚೆಲುವಮ್ಮನ ಕೈ

ಅಗ್ರಹಾರದ ಹಿಂದಿನ ಓಣಿಯಲ್ಲಿ ಬಾಗಿಲಿಗೆ ಹಾಕಿದ ನೀರು ಇನ್ನೂ ಆರಿಲ್ಲ. ಮನೆಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಚೆಲುವಮ್ಮ ಆಗಲೇ ಸೀಮೆಎಣ್ಣೆಯ ಬೋಗುಣಿಯ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾರೆ. ಹಳೆಯ ಬ್ರಷ್ಷಿನಿಂದ ಜೀಪಿನ ಗೇರೊಂದರ ಹಲ್ಲುಗಳನ್ನು ಉಜ್ಜುತ್ತಾ, “ನನ್ ಮಕ್ಳ ಹಲ್ಲನ್ನೂ ಇಷ್ಟು ಉಜ್ಜಿಲ್ಲ ಕಣ್ರೀ” ಎಂದು ನನ್ನತ್ತ ನೋಡಿ ನಗುತ್ತಾರೆ.

ಅವರ ಹಿಂದೆ ನಿಂತಿರುವುದು ಮಿಲಿಟರಿ ಹರಾಜಿನಲ್ಲಿ ಬಂದ ಹಳೆಯ ಟ್ರಕ್ಕು. ಹಳ್ಳಕ್ಕೆ ಬಿದ್ದ ಲಾರಿಗಳನ್ನು ಎಳೆದು ಮೇಲೆ ತರಲೆಂದು ರಾಮಕೃಷ್ಣನಗರದ ಸಿದ್ದೇಶ್ ಕೊಂಡದ್ದು. ಎಂಜಿನ್ನಿನ ಬಲವನ್ನು ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ಹಂಚುವ ಪೆಟ್ಟಿಗೆಗೆ ಟ್ರಾನ್ಸ್‌ಫರ್ ಕೇಸ್ ಎನ್ನುತ್ತಾರೆ. ಇದರದು ಸವೆದು ಕೂಗುತ್ತಿತ್ತು. ಚೆಲುವಮ್ಮನ ಗಂಡ ನಿಂಗಯ್ಯ ಅದನ್ನು ಪೂರಾ ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ, ಒಂದು ಲಿವರ್ ಇದ್ದಲ್ಲಿ ಎರಡು ಕೂರಿಸಿದ್ದಾರೆ: ಒಂದು ವೇಗ ಬದಲಿಸಲು, ಇನ್ನೊಂದು ಮುಂದಿನ ಚಕ್ರಗಳನ್ನು ಸೇರಿಸಲು, ಬಿಡಿಸಲು. ಇನ್ನು ನಿಧಾನದ ಗೇರಿನಲ್ಲೂ ಹಿಂದಿನ ಚಕ್ರಗಳನ್ನಷ್ಟೇ ದುಡಿಸಬಹುದು; ಇಕ್ಕಟ್ಟಿನ ಜಾಗದಲ್ಲಿ ಟ್ರಕ್ಕು ಸಲೀಸಾಗಿ ತಿರುಗುತ್ತದೆ.

ನಿಂಗಯ್ಯ ಊರಿಗೆಲ್ಲ ಗೊತ್ತು. ಆದರೆ ಪೆಟ್ಟಿಗೆ ಮುಚ್ಚುವ ಮುನ್ನ ಕೊನೆಯದಾಗಿ ಒಳಗೆ ಹೋಗುವ ಕೈ ಚೆಲುವಮ್ಮನದು. ಗಾಜಿನ ಬಳೆಗಳನ್ನು ಮೊಳಕೈಯತ್ತ ಏರಿಸಿ, ಬಟ್ಟೆ ಸುತ್ತಿ ಕಟ್ಟಿ, ಗೋಣಿತಾಟಿನ ಮೇಲೆ ಗಾಡಿಯಡಿ ಮಲಗುತ್ತಾರೆ. ಕಣ್ಣು ಮುಚ್ಚಿ, ಒಳಗಿನ ಮೂಲೆಮೂಲೆಯನ್ನೂ ಬೆರಳಲ್ಲೇ ತಡಕುತ್ತಾರೆ.

ಈ ಪದ್ಧತಿಯ ಹಿಂದೆ ಒಂದು ನೋವಿದೆ. ೧೯೯೩ರಲ್ಲಿ ಅವರು ತಂಗಿಯ ಮಗುವಿನ ನಾಮಕರಣಕ್ಕೆ ಹೋಗಿದ್ದಾಗ ನಿಂಗಯ್ಯ ಒಬ್ಬರೇ ಒಂದು ಜೀಪಿನ ಪೆಟ್ಟಿಗೆ ಮುಚ್ಚಿದರು. ಬೇರಿಂಗಿನ ಸೂಜಿಯಂಥ ಉಕ್ಕಿನ ಕಡ್ಡಿಯೊಂದು ಗ್ರೀಸಿನಲ್ಲಿ ಅಂಟಿಕೊಂಡು ಒಳಗೇ ಉಳಿದಿತ್ತು. ಇಳಿಜಾರಿನಲ್ಲಿ ಅದು ಗೇರುಗಳ ನಡುವೆ ಸಿಕ್ಕಿ, ಪೆಟ್ಟಿಗೆ ಒಡೆದು, ಜೀಪು ಮಗುಚಿತು. ಡ್ರೈವರ್ ಚಾಮಯ್ಯ ಇಂದಿಗೂ ಕುಂಟುತ್ತಾರೆ. “ಚಾಮಯ್ಯನವ್ರು ಒಂದ್ ಮಾತೂ ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು” ಎನ್ನುವಾಗ ಚೆಲುವಮ್ಮನ ದನಿ ಇಳಿಯುತ್ತದೆ.

ನಲ್ಲಿಯಲ್ಲಿ ನೀರು ಬರುತ್ತದೆ. ಕೊಡ ತುಂಬಿಸಲು ಅವರು ಒಳಗೆ ಹೋದ ಹೊತ್ತಿಗೇ ಸಿದ್ದೇಶ್ ಓಡಿ ಬರುತ್ತಾನೆ. ನಂಜನಗೂಡು ರಸ್ತೆಯಲ್ಲಿ ಕಬ್ಬಿನ ಲಾರಿ ಮಗುಚಿದೆಯಂತೆ. ಹೊಸ ಕಸುಬಿಗೆ ಬಂದ ಮೊದಲ ಕರೆ. ತಡವಾದರೆ ಬೇರೆಯವರ ಕ್ರೇನು ಹೋಗುತ್ತದೆ. ಅವನ ಒದ್ದಾಟ ನೋಡಲಾರದೆ ನಿಂಗಯ್ಯ ಮುಚ್ಚಳ ಬಿಗಿದು ಆಯಿಲ್ ಸುರಿಯುತ್ತಾರೆ.

ಚೆಲುವಮ್ಮ ಕೊಡ ಇಳಿಸಿ ಬಂದು ಗಾಡಿಯಡಿ ಇಣುಕುತ್ತಾರೆ.

“ಮುಚ್ಚಿಬುಟ್ಟೆ ಕಣಮ್ಮಿ,” ನಿಂಗಯ್ಯ ತಲೆ ಎತ್ತುವುದಿಲ್ಲ.

“ಬಿಚ್ಚಿ.”

“ಅಕ್ಕಾ, ದಮ್ಮಯ್ಯ, ಲಾರಿ ಕೈ ತಪ್ಪೋಯ್ತದೆ!” ಸಿದ್ದೇಶ್ ಅಂಗಲಾಚುತ್ತಾನೆ.

“ಓಗ್ಲಿ. ಅಗ್ಗ ಕಟ್ಟಿ ಎಳೆಯೋವಾಗ ಒಳ್ಗೆ ಕೂತಿರೋನು ನೀನಲ್ವೇನಪ್ಪ?”

ನಿಂಗಯ್ಯ ಸ್ಪಾನರ್ ಎತ್ತಿಕೊಳ್ಳುತ್ತಾರೆ. ಸುರಿದ ಆಯಿಲ್ ಮತ್ತೆ ತಟ್ಟೆಗೆ ಇಳಿಯುತ್ತದೆ. ಬಳೆಗೆ ಬಟ್ಟೆ ಸುತ್ತಿ ಚೆಲುವಮ್ಮ ಮಲಗುತ್ತಾರೆ. ಸಿದ್ದೇಶನ ಸೊಂಟದ ಮೊಬೈಲ್ ಹೊಡೆದುಕೊಂಡು ಸುಮ್ಮನಾಗುತ್ತದೆ. ಕೊನೆಗೆ ಆಚೆ ಬಂದ ಕೈ ಪೂರ್ತಿ ಎಣ್ಣೆಯಾಗಿದೆ. ಅದರಲ್ಲಿ ಬೇರೇನೂ ಇಲ್ಲ.

“ನೋಡಿದ್ರಾ ಅಕ್ಕಾ, ಏನೂ ಇರ್ಲಿಲ್ಲ. ಸುಮ್ನೆ ಟೈಮ್ ಓಯ್ತು.”

“ಏನೂ ಇಲ್ಲ ಅಂತ ಈಗ ಗೊತ್ತಾಯ್ತಲ್ಲಪ್ಪ. ಆಗ ಯಾರಿಗ್ ಗೊತ್ತಿತ್ತು?”

ಲಾರಿ ಅಂದು ಬೇರೆಯವರ ಪಾಲಾಯಿತು. ಸಿದ್ದೇಶ್ ವಾರವಿಡೀ ಮುಖ ಊದಿಸಿಕೊಂಡೇ ಇದ್ದ. ಆಮೇಲೊಂದು ದಿನ ಕೆರೆ ಏರಿಯಿಂದ ಬಿದ್ದ ಲಾರಿಯನ್ನು ಎಳೆದು ತಂದವನೇ ನೇರ ಶೆಡ್ಡಿಗೆ ಬಂದ. ಹಗ್ಗ ಬಿಗಿದು ಟ್ರಕ್ಕಿನ ಮುಂದಿನ ಚಕ್ರ ನೆಲ ಬಿಟ್ಟಾಗ ಹೆದರಿಕೆಯೇ ಆಗಲಿಲ್ಲವಂತೆ. ಈಗ ಆಯಿಲ್ ಬದಲಿಸಲು ಬಂದರೂ ಅವನ ಮೊದಲ ಮಾತು, “ಅಕ್ಕ ಮನೇಲವ್ರಾ?”

ಏನಾದರೂ ಆಸೆ ಉಂಟೇ ಎಂದು ನಾನು ಕೇಳಿದರೆ ಚೆಲುವಮ್ಮ ಸೀಮೆಎಣ್ಣೆಯಲ್ಲಿ ಬಿರಿದ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

“ಇನ್ನೇನಿದೆ ಕಣಮ್ಮ? ಪ್ರತಿ ಸಲಾನೂ ಈ ಕೈ ಬರಿದಾಗೇ ಆಚೆ ಬರ್ಲಿ. ಅಷ್ಟ್ ಸಾಕು.”