ನೆನೆಸಿಟ್ಟ ಎಲೆ

ಲಾಕ್‌ಡೌನಿನ ಆ ದಿನಗಳಲ್ಲಿ ಜೆಪ್ಪಿನ ನಮ್ಮ ಅಡ್ಡರಸ್ತೆಯಲ್ಲಿ ಇದ್ದದ್ದು ಒಂದೇ ಮಾತು: ಬೀಡಿ ಬ್ರಾಂಚ್ ಯಾವಾಗ ತೆರೆಯುತ್ತದೆ, ಹೇಗೆ ತೆರೆಯುತ್ತದೆ. ಬ್ರಾಂಚಿನಿಂದ ಎಲೆ, ಹೊಗೆಸೊಪ್ಪಿನ ಪುಡಿ ತಂದು, ಮನೆಯಲ್ಲಿ ಬೀಡಿ ಕಟ್ಟಿ ಹಿಂದೆ ಕೊಡುವುದು ಅಮ್ಮನ ಕೆಲಸ. ನಾನು ಎಂ.ಎ. ತನಕ ಓದಿದ್ದು ಅದರಿಂದಲೇ.

ಬ್ರಾಂಚ್ ನಡೆಸುತ್ತಿದ್ದ ಬ್ಯಾರಿ ಹಿರಿಯರನ್ನು ಎಲ್ಲರೂ ಕಾಕ ಎನ್ನುತ್ತಿದ್ದರು. ಬೆಳಿಗ್ಗೆ ಹಾಲಿಗೆಂದು ಹೊರಟ ಹೆಂಗಸರು ಅವರ ಗೇಟಿನ ಹೊರಗೆ ನಿಲ್ಲುತ್ತಿದ್ದರು. ಮಾತೆಲ್ಲ ತುಳುವಿನಲ್ಲಿ, ಕನ್ನಡದಲ್ಲಿ ಬರೆಯುವಾಗ ಅರ್ಧ ನನ್ನದೇ ಆಗಿರಬಹುದು.

"ಆರಾರು ಅಡಿ ಬಿಟ್ಟು ನಿಲ್ಬೇಕು," ಎಂದರು ಕಾಕ.

"ಹಾಗಾದ್ರೆ ಕೊನೆಯವಳು ಪಂಪ್‌ವೆಲ್‌ನಲ್ಲಿ ನಿಲ್ಬೇಕಷ್ಟೆ ಕಾಕಾ," ಎಂದಳು ಪಕ್ಕದ ಮನೆಯ ಅಕ್ಕ. "ಅವಳ ಸರದಿ ಬರುವಾಗ ನಿಮ್ಮ ಬ್ರಾಂಚ್ ಪುನಃ ಬಂದ್."

"ನಗಾಡ್ಬೇಡ ಮಾರಾಯ್ತಿ. ಕಂಪೆನಿಯಿಂದ ಎಲೆ ಬರ್ತಾ ಇಲ್ಲ, ಪುಡಿ ಸ್ವಲ್ಪ ಉಂಟು. ತೆರೆದ ದಿನ ಹಳೆ ಎಲೆ ಇದ್ದವ್ರಿಗೆ ಪುಡಿ ಕೊಡ್ತೇನೆ. ಸಂಜೆ ಒಳಗೆ ಕಟ್ಟಿ ತಂದವ್ರ ಹೆಸ್ರು ಪುಸ್ತಕದಲ್ಲಿ ಇರ್ತದೆ, ಮುಂದೆಯೂ ಕೆಲ್ಸ ಉಂಟು. ಉಳಿದವ್ರದ್ದು ನನ್ನ ಕೈಯಲ್ಲಿ ಇಲ್ಲ."

ಅಮ್ಮನಲ್ಲಿ ಎಲೆ ಇತ್ತು, ಒಂದೇ ಕಟ್ಟು. ಒಂದೇ ದಿನದಲ್ಲಿ ಕಟ್ಟಿ ಮುಗಿಸಬೇಕಾದರೆ ಹಿಂದಿನ ಸಂಜೆಯೇ ಎಲೆ ನೆನೆಸಿಡಬೇಕು. ನೆನೆಸಿದ ಮೇಲೆ ಕಾಯುವ ಹಾಗಿಲ್ಲ. ಬಿಟ್ಟರೆ ಬೂಸ್ಟು ಹಿಡಿಯುತ್ತದೆ, ಒಣಗಿಸಿದರೆ ಸುತ್ತುವಾಗ ಹರಿಯುತ್ತದೆ.

ಒಂದು ಸಂಜೆ ನನ್ನ ಫೋನಿಗೆ ಸರಕಾರಿ ಆದೇಶದ ಪ್ರತಿ ಬಂತು. ನಾಳೆಯಿಂದ ಕೈಗಾರಿಕೆಗಳಿಗೆ ಅನುಮತಿ.

"ಬ್ರಾಂಚ್ ಎಂತ, ಉಂಟಾ ನಾಳೆ?" ಅಮ್ಮ ಕೇಳಿದಳು.

"ಉಂಟು," ಎಂದೆ. ಕಾಕನಿಗೆ ಫೋನ್ ಮಾಡಿ ಕೇಳಬಹುದಿತ್ತು. ಆದೇಶವೇ ಕೈಯಲ್ಲಿರುವಾಗ ಅವರನ್ನೇನು ಕೇಳುವುದು ಎಂದು ಅನಿಸಿರಬೇಕು.

ಕೈಗಾರಿಕಾ ಪ್ರದೇಶಗಳಲ್ಲಿ ಮಾತ್ರ ಎಂದು ಎರಡನೆಯ ಪುಟದಲ್ಲಿತ್ತು. ತೆರೆದದ್ದು ಬೈಕಂಪಾಡಿಯ ಕಾರ್ಖಾನೆಗಳು. ನಾನು ಆ ಪುಟ ಓದಿದ್ದು, ಅಮ್ಮ ಕಾಕನ ಮುಚ್ಚಿದ ಗೇಟಿನಿಂದ ಖಾಲಿ ಚೀಲ ಹಿಡಿದು ಬಂದ ಮೇಲೆ. ಹಿಂದಿನ ಸಂಜೆ ನೆನೆಸಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟ ಎಲೆಯನ್ನು ಅವಳು ಬಿಚ್ಚಿ ಹರಡಿದಳು, ಪುನಃ ಸುತ್ತಿದಳು. ಮೂರನೆಯ ದಿನ ಅದರ ವಾಸನೆ ಅಡುಗೆಮನೆಯ ತನಕ ಬಂತು.

ಆ ದಿನಗಳ ನನ್ನ ಡೈರಿಯಲ್ಲಿ 'ತೆರೆಯಬಹುದು ಎಂದು ಅಮ್ಮನಿಗೆ ಹೇಳಿದೆ' ಎಂದಿದೆ. ಆ ಸಾಲಿನ ಮೇಲೆ ನನಗೆ ನಂಬಿಕೆಯಿಲ್ಲ. ಅದನ್ನು ಬರೆದದ್ದು ಎಲೆ ಕಪ್ಪಾದ ಮೇಲೆ.

ಬ್ರಾಂಚ್ ನಿಜವಾಗಿ ತೆರೆದಾಗ ಅಮ್ಮನ ಜೊತೆ ನಾನೂ ಹೋದೆ. ಸುಣ್ಣದ ವೃತ್ತಗಳಲ್ಲಿ ಹೆಂಗಸರು ಎಲೆಯ ಚೀಲ ಹಿಡಿದು ನಿಂತಿದ್ದರು. ನಮ್ಮ ಸರದಿ ಬಂದಾಗ ಕಾಕ ಅಮ್ಮನ ಕೈ ನೋಡಿದರು.

"ಎಲೆ ಎಲ್ಲಿ ಅಕ್ಕಾ?"

"ನೆನೆಸಿ ಹಾಳಾಯ್ತು ಕಾಕಾ."

"ನಾನು ಹೇಳುವ ಮೊದಲು ಯಾರು ಹೇಳಿದ್ದು ನಿಮ್ಗೆ ನೆನೆಸ್ಲಿಕ್ಕೆ?"

"ಯಾರೂ ಇಲ್ಲ. ತೆರೀತದೆ ಅಂತ ನಾನೇ ಎಣಿಸಿದ್ದು."

"ಎಲೆ ಬಂದ್ರೆ ಹೇಳಿ ಕಳಿಸ್ತೇನೆ," ಎಂದು ಕಾಕ ನನ್ನ ಹಿಂದಿನವಳನ್ನು ಕರೆದರು.

ಅಮ್ಮನ ಹಿಂದಿನ ವೃತ್ತದಲ್ಲಿ, ಮಾಸ್ಕ್ ಹಾಕಿಕೊಂಡು, ನಾನು ನಿಂತಿದ್ದೆ. ಎಲ್ಲವೂ ಕೇಳಿಸುತ್ತಿತ್ತು. ಬಾಯಿ ಬಿಡಲಿಲ್ಲ. ಇದು ಡೈರಿಯಲ್ಲಿ ಇಲ್ಲ. ನೆನಪಿನಲ್ಲಿ ನನಗೆ ಅನುಮಾನವಿಲ್ಲದ ಭಾಗ ಇದೊಂದೇ. ಕಾಕ ಹೇಳಿ ಕಳಿಸಲಿಲ್ಲ. ಅಮ್ಮನೂ ಮತ್ತೆ ಬ್ರಾಂಚಿನ ಸುದ್ದಿಯನ್ನು ನನ್ನಲ್ಲಿ ಕೇಳಲಿಲ್ಲ.