ಕಿವಿಗೆ ಬೀಳದ ಸೂತಕ

ನಿಮ್ಮ ಮನೆಯದೇ ಸುದ್ದಿ, ಊರಿಗೆಲ್ಲ ಗೊತ್ತು, ನಿಮಗೊಬ್ಬರಿಗೇ ಗೊತ್ತಿಲ್ಲ. ಅದು ಯಾವುದು ಹೇಳಿ ನೋಡೋಣ? ತಿಣುಕಬೇಡಿ. ಗೊತ್ತಿದ್ದರೆ ಅದು ಆ ಸುದ್ದಿಯೇ ಅಲ್ಲ. ಒಂದೇ ಬೆರಳಲ್ಲಿ ಒತ್ತಿ ಒತ್ತಿ ಬರೆಯುತ್ತಿದ್ದೇನೆ. ಮೊಮ್ಮಗಳು ಫೋನು ವಾಪಸ್ ಕೇಳುವುದರೊಳಗೆ ನನ್ನದನ್ನು ಹೇಳಿಬಿಡುತ್ತೇನೆ.

ಸುಗಟೂರಿನ ನಮ್ಮ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಮೂವತ್ತರ ದಶಕ ಮುಗಿಯುತ್ತಾ ಬಂದಿತ್ತು, ನನಗೆ ಒಂಬತ್ತೋ ಹತ್ತೋ ವರ್ಷ. ಅಮ್ಮ ಎರಡನೇ ಹೆರಿಗೆಗೆಂದು ಮುಳಬಾಗಿಲ ಹತ್ತಿರದ ತವರಿಗೆ ಹೋಗಿದ್ದಳು. ಮನೆಯಲ್ಲಿದ್ದವರು ಅಪ್ಪ, ಅಪ್ಪನ ತಾಯಿ ಮತ್ತು ನಾನು. ಹುಳ ಕೊನೆಯ ಜ್ವರ ಮುಗಿಸಿ ಎದ್ದಿತ್ತು. ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು. ಕೊನೆಯದು ಕಳೆದ ಮೇಲೆ ಗೂಡು ಕಟ್ಟುವವರೆಗೂ ಎಷ್ಟು ಸೊಪ್ಪು ಹಾಕಿದರೂ ಸಾಲದು.

ಒಂದು ಮಧ್ಯಾಹ್ನ ಅಮ್ಮನ ಅಣ್ಣ ಬಂದ. ಓಡಿ ಹೋಗಿ ಅವನ ಚೀಲಕ್ಕೆ ಕೈ ಹಾಕಿದೆ, ತಿನ್ನಲು ಏನೂ ಇರಲಿಲ್ಲ. ಅಜ್ಜಿ ನನ್ನನ್ನು ಹುಳದ ಮನೆಗೆ ಅಟ್ಟಿ, ಅವನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದುಕೊಂಡು ಹೋದಳು. ಸೊಪ್ಪು ಹಾಕಿ ಹೊರಗೆ ಬಂದರೆ ಮಾವನೂ ಇಲ್ಲ, ಅಪ್ಪನೂ ಇಲ್ಲ.

"ಅಪ್ಪ ಎಲ್ಲಜ್ಜಿ?"

"ನಿಮ್ಮಮ್ಮನ್ನ ನೋಡ್ಕೊಂಡು ಬರೋಕೆ ಹೋದ."

"ನನ್ನ ಯಾಕೆ ಬಿಟ್ಟು ಹೋದ?"

"ನೀನೂ ಹೋದ್ರೆ ಹುಳ ನಿಮ್ ತಾತ ಎದ್ದು ಬಂದು ನೋಡ್ಕೊಂತಾನೇನೇ? ನಂಗೆ ಕೆಮ್ಮು, ಒಳಗೆ ಬರೋಹಂಗಿಲ್ಲ. ಇನ್ಮೇಲೆ ಹುಳದ ಮನೆಗೆ ಯಜಮಾನಿ ನೀನೇ ಕಣೇ."

ಯಜಮಾನಿ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಜ್ಜಿ ಹೊಸಲಿನಾಚೆ ನಿಂತು ಹೇಳುವುದು, ನಾನು ಒಳಗೆ ತಟ್ಟೆಯಿಂದ ತಟ್ಟೆಗೆ ಸೊಪ್ಪು ಹಾಕುವುದು. ಆದರೆ ಒಂದು ವಿಷಯಕ್ಕೆ ಮುನಿಸಿಕೊಂಡಿದ್ದೆ. ಅಜ್ಜಿ ನನ್ನನ್ನು ಮುಟ್ಟುತ್ತಿರಲಿಲ್ಲ. ಜಡೆ ಹಾಕಲಿಲ್ಲ, ಪಕ್ಕದಲ್ಲಿ ಮಲಗಿಸಿಕೊಳ್ಳಲಿಲ್ಲ, ಮುದ್ದೆಯ ತಟ್ಟೆಯನ್ನು ದೂರದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಕೇಳಿದರೆ ಕೆಮ್ಮು ಅಂಟಿಕೊಳ್ಳುತ್ತದೆ ಅನ್ನುವಳು. ಅವಳು ಒಂದು ಸಲವೂ ಕೆಮ್ಮಿದ್ದನ್ನು ನಾನು ಕೇಳಲಿಲ್ಲ.

ಸೊಪ್ಪು ಹೊತ್ತು ತರುವ ಹೆಂಗಸು ನನ್ನ ಕೆದರಿದ ತಲೆ ನೋಡಿ ಕಣ್ಣೊರೆಸಿಕೊಂಡಳು. ಸೊಪ್ಪಿನ ಧೂಳಿರಬೇಕು ಅಂದುಕೊಂಡೆ. ಗೂಡು ಕೊಳ್ಳುವವರ ಮನೆಯ ಹೆಂಗಸು, ನಾನು ಖಾಲಾ, ಅಂದರೆ ಚಿಕ್ಕಮ್ಮ, ಅಂತ ಕರೆಯುತ್ತಿದ್ದವರು, ಕೋಲಾರದಿಂದ ಬಂದಾಗ ನಾನು ಸೊಂಟಕ್ಕೆ ಕೈಯಿಟ್ಟು ಜಂಬ ಹೊಡೆದೆ.

"ನೋಡ್ತಿರಿ ಖಾಲಾ, ನಮ್ಮಮ್ಮ ಪಾಪೂನ ಎತ್ಕೊಂಡು ಬರೋಷ್ಟೊತ್ತಿಗೆ ಗೂಡೆಲ್ಲ ಬಿಡಿಸಿ ಇಟ್ಟಿರ್ತೀನಿ."

"ಇಟ್ಟಿರು ಬೇಟಿ," ಅಂದು ಅವರು ಸೆರಗನ್ನು ಮುಖಕ್ಕೆ ಎಳೆದುಕೊಂಡರು.

ಹುಳ ಹಣ್ಣಾಯಿತು, ಗೂಡು ಕಟ್ಟಿತು. ಕೊನೆಯ ಗೂಡು ಬಿಡಿಸಿ ಬುಟ್ಟಿಗೆ ಹಾಕಿದ ದಿನ ಅಜ್ಜಿ ನನ್ನನ್ನು ಹಿತ್ತಲಿಗೆ ಕರೆದಳು. "ನಿಮ್ಮಮ್ಮ ಹೋಗ್ಬಿಟ್ಳು ಕಣೇ. ಕೂಸೂ ಉಳೀಲಿಲ್ಲ," ಅಂದಳು. ಆಮೇಲೆ ತಲೆಯ ಮೇಲೆ ತಣ್ಣೀರು ಸುರಿದಳು. ಅಷ್ಟು ದಿನದ ಮೇಲೆ ಅವಳ ಕೈ ನನ್ನ ಮೈ ಮುಟ್ಟಿದ್ದು ಆಗಲೇ.

ವಿಷಯ ಇಷ್ಟೆ. ಸೂತಕದವರಾಗಲಿ ಅವರು ಮುಟ್ಟಿದವರಾಗಲಿ ಹುಳದ ಮನೆಗೆ ಹೋಗುವಂತಿಲ್ಲ, ಹೋದರೆ ಹುಳ ಕೆಡುತ್ತದೆ ಅನ್ನುವ ನಂಬಿಕೆ. ದೂರದಲ್ಲಿ ಸತ್ತವರ ಸೂತಕ ಸುದ್ದಿ ಕೇಳಿದವರಿಗೆ ಮಾತ್ರ, ಕೇಳದವರಿಗೆ ಇಲ್ಲ. ಅಪ್ಪ ಕೇಳಿದ್ದ, ಅಜ್ಜಿ ಕೇಳಿದ್ದಳು. ಕೇಳದೆ ಉಳಿದವಳು ನಾನೊಬ್ಬಳು. ನನ್ನನ್ನು ಹಾಗೇ ಉಳಿಸಲು ಊರಿಗೆ ಊರೇ ಬಾಯಿ ಹೊಲಿದುಕೊಂಡಿತ್ತು.

ಹಿಂದಿನ ವರ್ಷ ಕರು ಸತ್ತಾಗ ನನ್ನನ್ನು ಕರೆದು ತೋರಿಸಿದ್ದರು. ಎರಡು ದಿನ ಊಟ ಬಿಟ್ಟು ಅತ್ತಿದ್ದೆ, ಅಜ್ಜಿಯೂ ಜೊತೆಗೆ ಅತ್ತಿದ್ದಳು. ಕರುವಿಗೆ ಸಿಕ್ಕಿದ್ದು ಅಮ್ಮನಿಗೆ ಸಿಗಲಿಲ್ಲ. ನಾನು ಅಳಲು ಕೂತಾಗ ಉಳಿದವರೆಲ್ಲ ಅತ್ತು ಮುಗಿಸಿದ್ದರು. ಅಮ್ಮನಿಗಾಗಿ ಅಳಲು ಅಜ್ಜಿಯ ಮಡಿಲೇ ಬೇಕಿತ್ತು. ಸಿಟ್ಟು ಇದ್ದದ್ದೂ ಆ ಮಡಿಲಿನ ಮೇಲೆಯೇ. ಕಣ್ಣಲ್ಲಿ ಒಂದು ಹನಿಯೂ ಬರಲಿಲ್ಲ.

ಸೂತಕ ಕಳೆದ ಮೇಲೆ ಮಾವ ನನ್ನನ್ನು ಅಮ್ಮನ ತವರಿಗೆ ಕರೆದೊಯ್ದ. ದಾರಿಯಲ್ಲಿ ಕುರುಡುಮಲೆಯ ಗಣೇಶನ ಗುಡಿಗೆ ಕರೆದುಕೊಂಡು ಹೋಗಿ, ಕೈ ಮುಗಿ ಅಂದ. ಆಳೆತ್ತರಕ್ಕೂ ಮಿಗಿಲಾದ ಆ ಗಣೇಶನನ್ನು ನೋಡಿ ಕೈ ಮೇಲೇಳಲಿಲ್ಲ.

"ಇಷ್ಟು ದೊಡ್ಡ ಕಿವಿ ಇಟ್ಕೊಂಡಿದೀಯ, ನಿಂಗೂ ಕೇಳ್ಸಿರತ್ತೆ. ನೀನೂ ಹೇಳ್ಲಿಲ್ಲ!" ಎಂದು ಕೂಗಿದೆ. ಪೂಜಾರಿ ಗದರಿದ. ಮಾವ ಅಲ್ಲೇ ಕುಸಿದು ಕೂತು ಅತ್ತ. ಅವನನ್ನು ನೋಡಿ ನನಗೂ ಅಳು ಬಂತು. ಹೂವು ಕಟ್ಟುತ್ತಿದ್ದ ಒಬ್ಬ ಮುದುಕಿ "ಊರುಕೋ ತಲ್ಲೀ, ಊರುಕೋ" ಎಂದು, ಅಳಬೇಡ ತಾಯಿ ಅಂತ ತೆಲುಗಿನಲ್ಲಿ ಅನ್ನುತ್ತ ನನ್ನ ಬೆನ್ನು ಸವರಿದಳು. ಸಮಾಧಾನ ಅನ್ನುವುದು ನನಗೆ ಮೊದಲು ಸಿಕ್ಕಿದ್ದು ಹೆಸರೂ ಗೊತ್ತಿಲ್ಲದವಳ ಕೈಯಿಂದ.

ಆಮೇಲೆ ಅಜ್ಜಿಯ ಜೊತೆ ಎಷ್ಟು ಬೇಕೋ ಅಷ್ಟೇ ಮಾತು. ಜಡೆ ನಾನೇ ಹಾಕಿಕೊಳ್ಳುವುದು ಕಲಿತೆ. ಹುಳದ ಮನೆಗೆ ಕಾಲಿಡಲಿಲ್ಲ. ಅಪ್ಪ ಬೈದ, ಅಜ್ಜಿ ಬೈಯಲಿಲ್ಲ. ಯಾರಾದರೂ ನನ್ನನ್ನು ನೋಡಿ ಮಾತು ನಿಲ್ಲಿಸಿದರೆ ಮನೆಯವರನ್ನೆಲ್ಲ ಎಣಿಸಿ ನೋಡುತ್ತಿದ್ದೆ. ಇನ್ಯಾರು ಸತ್ತರು ಅಂತ.

ಮಾಲೂರಿಗೆ ಮದುವೆಯಾಗಿ ಹೋದೆ. ನಲವತ್ತರ ದಶಕದ ಕೊನೆಗೆ ಒಂದು ಹಬ್ಬಕ್ಕೆ ಬಂದಾಗ ಅಜ್ಜಿ ಜಗಲಿಯ ಮೇಲೆ ಮೊರ ಹಿಡಿದು ರಾಗಿ ಕೇರುತ್ತಿದ್ದಳು. ಕಣ್ಣು ಮಂಜಾಗಿತ್ತು, ಬಾಯಿ ಮಾತ್ರ ಹರಿತ.

"ಅಜ್ಜೀ, ಹುಳಕ್ಕೋಸ್ಕರ ನನ್ನ ಅಮ್ಮನ್ನ ಬಚ್ಚಿಟ್ಯಲ್ಲ, ನಿಂಗೆ ಕರುಳು ಅನ್ನೋದು ಇತ್ತಾ?"

ಮೊರ ನಿಂತಿತು.

"ಇಷ್ಟು ವರ್ಷ ಇದನ್ನ ಹೊಟ್ಟೇಲಿಟ್ಕೊಂಡು ಓಡಾಡ್ತಿದ್ಯೇನೇ?"

"ಹೂಂ. ನೀನು ಹೇಳ್ದೆ ನಾನು ಯಾವಾಗ ಅಳ್ಬೇಕಿತ್ತು?"

"ನಿಮ್ಮಪ್ಪ ಅಲ್ಲಿಗೆ ಓಡಿಹೋಗಿ ಅತ್ತ. ನೀನು ಗಣೇಶನ್ನ ಬೈಕೊಂಡು ಅತ್ತೆ. ನಾನು ನಿನ್ನ ಮುಂದೆ ನಗ್ತಾ ನಿಂತಿದ್ನಲ್ಲ, ನಾನು ಯಾವಾಗ ಅತ್ತೆ ಅಂತ ಒಂದಿನಾನಾದ್ರೂ ಕೇಳಿದ್ಯೇನೇ ನೀನು?"