ಉಪ್ಪಿಲ್ಲದ ನುಚ್ಚು

೧೯೮೬ರಲ್ಲಿ, ಹತ್ತಿ ಬಿಡಿಸುವ ದಿನಗಳಲ್ಲಿ, ನಮ್ಮಪ್ಪನಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಹುಬ್ಬಳ್ಳಿಯ ದವಾಖಾನೆಯೊಂದರಲ್ಲಿ ಆಪರೇಶನ್ ಮಾಡಿದರು. ಅರ್ಧಕ್ಕಿಂತ ಹೆಚ್ಚು ಜಠರ ತೆಗೆದಿದ್ದರು. ನಮ್ಮೂರು ತಿರ್ಲಾಪುರದ ಮನೆ, ದನಕರು ಬಿಟ್ಟು ಅವ್ವ ಬರುವಂತಿರಲಿಲ್ಲ. ಒಬ್ಬಳೇ ಮಗಳಾದ ನಾನು ಅಪ್ಪನ ಹತ್ತಿರ ಉಳಿದೆ. ದೆವ್ವ, ಗಾಳಿ ಎಂದರೆ ನಗುವವಳು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ಆಗೆಲ್ಲ ಇಂಥ ಆಪರೇಶನ್ ಆದರೆ ಎಷ್ಟೋ ದಿನ ಬಾಯಿಗೆ ಏನೂ ಕೊಡುತ್ತಿರಲಿಲ್ಲ. ಮೂಗಿನಲ್ಲಿ ನಳಿಗೆ, ಕೈಗೆ ಸಲಾಯಿನ್. ಒದ್ದೆ ಹತ್ತಿಯಿಂದ ಅಪ್ಪನ ತುಟಿ ಒರೆಸುವುದಷ್ಟೇ ನನ್ನ ಕೆಲಸ. ಆಪರೇಶನ್ ಆದ ಮರುದಿನ ಮಧ್ಯಾಹ್ನ ಅಪ್ಪ ಕಣ್ಣು ಮುಚ್ಚಿಕೊಂಡೇ ಬಾಯಿ ಆಡಿಸತೊಡಗಿದ. ಅಗಿದ, ನುಂಗಿದ. ಆಮೇಲೆ ಮುಖ ಸಿಂಡರಿಸಿ, "ನಿಮ್ಮವ್ವ ಇವತ್ತ ಜ್ವಾಳದ ನುಚ್ಚಿಗೆ ಉಪ್ಪ ಹಾಕಿಲ್ಲ ನೋಡ" ಅಂದ.

ಔಷಧಿಯ ಅಮಲು ಎಂದು ನಕ್ಕೆ. ಅದರ ಮರುದಿನವೂ ಅದೇ ಹೊತ್ತಿಗೆ ಬಾಯಿ ಆಡಿಸಿದ. ತುಟಿ ಒರೆಸಲು ಬಗ್ಗಿದರೆ ಮಜ್ಜಿಗೆಯ ವಾಸನೆ. ಯಾರಾದರೂ ಕದ್ದು ಕೊಟ್ಟರೋ ಎಂದು ಮಂಚದ ಕೆಳಗೂ ನೋಡಿದೆ. ಏನೂ ಇರಲಿಲ್ಲ.

ಮೂರನೆಯ ದಿನ ಬಾಯಿ ಆಡಲಿಲ್ಲ. ಕಣ್ಣು ತೆರೆದು, "ಇವತ್ತ ಮನ್ಯಾಗ ನನಗ ತಾಟ ಇಟ್ಟಿಲ್ಲ. ಎಲ್ಲಿ ಕೂಡ್ಲಿ?" ಅಂದ. ಅಪ್ಪ ಉಳಿಯುವುದಿಲ್ಲ ಅನ್ನಿಸಿತು.

ಅಷ್ಟರಲ್ಲಿ ಡಾಕ್ಟರು ಬಂದು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. "ನಳಿಗಿ ತಗೀರಿ. ಎರಡ ಚಮಚ ಗಂಜಿ ತಿಳಿ ಕೊಟ್ಟು ನೋಡೂಣು."

ಸಿಸ್ಟರ್ ಗಾಬರಿಯಾದರು. "ಮೂರನೇ ದಿನಕ್ಕರೀ? ಒಳಗ ಹೊಲಿಗಿ ಬಿಚ್ಚಿದ್ರ?"

"ಕರಳು ಕೆಲಸಾ ಶುರು ಮಾಡ್ಯಾವ್ರಿ. ಕೊಡ್ರಿ."

ಚಮಚ ನನ್ನ ಕೈಗೆ ಬಂತು. ನಾನು ಕೊಟ್ಟ ಗಂಜಿಯಿಂದಲೇ ಅಪ್ಪ ಸತ್ತರೆ? ಆಗಲೇ ಬಾಗಿಲಲ್ಲಿ ಅವ್ವ ಕಂಡಳು, ಬಸ್ಸಿನ ಧೂಳು ಮೆತ್ತಿದ ಸೀರೆಯಲ್ಲಿ.

"ಮನ್ಯಾಗ ಇರಾಕ ಆಗ್ಲಿಲ್ಲ ಬೇ. ಎರಡ ದಿನ ನಿಮ್ಮಪ್ಪನ ಜಾಗಾದಾಗ ತಾಟ ಇಟ್ಟು ಬಡಿಸಿದೆ. ಸತ್ತವರಿಗೆ ಎಡಿ ಇಟ್ಟಂಗ ಯಾಕ ಇಡ್ತಿ ಅಂತ ಬಾಜು ಮನ್ಯಾಕಿ ಬೈದ್ಲು. ಇವತ್ತ ಇಡಲಾರದ, ದನಾ ಆಕಿಗೇ ಒಪ್ಪಿಸಿ ಎದ್ದು ಬಂದೆ."

"ಮೊದಲನೇ ದಿನ ಏನ ಬಡಿಸಿದ್ದಿ?"

"ನುಚ್ಚು. ಗಡಿಬಿಡ್ಯಾಗ ಉಪ್ಪ ಹಾಕೋದ ಮರತಿದ್ದೆ."

ಚಮಚ ಅವ್ವನ ಕೈಗೆ ಕೊಟ್ಟೆ. ಅಪ್ಪ ನುಂಗಿದ. ಅವ್ವ, ನಾನು, ಸಿಸ್ಟರ್ ಅವನ ಹೊಟ್ಟೆಯನ್ನೇ ನೋಡುತ್ತ ನಿಂತೆವು. ಏನೂ ಆಗಲಿಲ್ಲ. "ಇನ್ನೊಂದ ಹಾಕ" ಅಂದ. ನಾನು ಗೋಡೆಗೆ ಮುಖ ಮಾಡಿ ಅತ್ತುಬಿಟ್ಟೆ.

ಆಮೇಲೆ ಅಪ್ಪ ಒಂಬತ್ತು ವರ್ಷ ಬದುಕಿದ. ಆ ಮೂರು ದಿನದ ಬಗ್ಗೆ ಕೇಳಿದರೆ ನೆನಪೇ ಇಲ್ಲ ಅನ್ನುತ್ತಿದ್ದ. ಈಗ ವರ್ಷಕ್ಕೊಮ್ಮೆ ಅವನಿಗೆ ಎಡೆ ಇಡುವವಳು ನಾನೇ. ದೆವ್ವ, ಗಾಳಿಯನ್ನು ಇವತ್ತಿಗೂ ನಂಬುವುದಿಲ್ಲ. ಎಡೆಯ ಅಡಿಗೆಯನ್ನು ಮೊದಲು ಯಾರೂ ರುಚಿ ನೋಡಬಾರದು ಎನ್ನುತ್ತಾರೆ. ನುಚ್ಚನ್ನು ಮಾತ್ರ ನಾನು ಬಾಯಿಗೆ ಹಾಕಿ ನೋಡಿಯೇ ಇಡುತ್ತೇನೆ.